ಮನೇಲೇ ಹಣ್ಣಿನ ಫ್ಲೇವರ್ ಐಸ್ಡ್ ಕಾಫಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹಣ್ಣು, ಕಾಫಿ ಎರಡೂ ಒಂದೇ ಗ್ಲಾಸಲ್ಲಿ ಅಂದ ತಕ್ಷಣ ಅರ್ಧ ಜನ ಮುಖ ಸಿಂಡರಿಸ್ತಾರೆ. ಇನ್ನರ್ಧ ಜನ ಎಲ್ಲೋ ಹೊರಗೆ ಕುಡಿದು ಇಷ್ಟಪಟ್ಟು, ಮನೇಲಿ ಮಾಡೋಕೆ ಹೋಗಿ ಹಾಲು ಒಡೆದೋ ನೀರ್ ನೀರಾಗಿಯೋ ಬೇಜಾರಾಗಿರ್ತಾರೆ. ಇಬ್ರ ಪ್ರಶ್ನೆಗಳೂ ಹೆಚ್ಚೂಕಮ್ಮಿ ಅವೇ, ಅದಕ್ಕೆ ಎಲ್ಲಾ ಇಲ್ಲೇ ಹಾಕಿದೀನಿ. ಪೂರ್ತಿ ಓದೋಕೆ ಟೈಮ್ ಇಲ್ಲ ಅಂದ್ರೆ ಹಾಲು ಒಡೆಯೋ ಪ್ರಶ್ನೆ ಮತ್ತೆ ಸಿರಪ್ ಪ್ರಶ್ನೆ, ಈ ಎರಡನ್ನ ಮಾತ್ರ ಬಿಡಬೇಡಿ.

ಕಾಫಿಗೆ ಹಣ್ಣು ಹಾಕೋದಾ? ಇದೆಲ್ಲ ಒಗ್ಗತ್ತಾ?

ಒಗ್ಗತ್ತೆ. ಕಾಫಿ ಬೀಜಾನೇ ಒಂದು ಹಣ್ಣಿನ ಒಳಗಡೆ ಇರೋದು, ಗಿಡದಲ್ಲಿ ಕೆಂಪಗೆ ಹಣ್ಣಾಗತ್ತಲ್ಲ ಅದರ ಬೀಜಾನ ಹುರಿದು ಪುಡಿ ಮಾಡ್ತಾರೆ ಅಷ್ಟೆ. ಆ ಬೀಜದಲ್ಲಿ ಸಿಟ್ರಿಕ್ ಆಸಿಡ್ ಇದೆ, ಮ್ಯಾಲಿಕ್ ಆಸಿಡ್ ಇದೆ, ಮೊದಲನೇದು ನಿಂಬೆಹಣ್ಣಿನ ಹುಳಿ, ಎರಡನೇದು ಸೇಬಿನ ಹುಳಿ. ಹುರಿಯೋದು ಕಮ್ಮಿ ಆದಷ್ಟೂ ಇವು ಜಾಸ್ತಿ ಉಳ್ಕೊಳ್ತವೆ, ಕಪ್ಪಗೆ ಹುರಿದ್ರೆ ಹೊರಟ್ಹೋಗಿ ಕಹಿ ಮುಂದೆ ಬರತ್ತೆ. ಹಾಗಾಗಿ ಹಣ್ಣಿನ ರುಚಿ ಕಾಫಿಗೆ ಹೊರಗಿನದೇನಲ್ಲ, ಇರೋದನ್ನೇ ಸ್ವಲ್ಪ ಎತ್ತಿ ತೋರಿಸ್ತೀವಿ. ಹೊಸ ಫ್ಯಾಶನ್ನೂ ಅಲ್ಲ, ಮಜಾಗ್ರಾನ್ ಅಂತ ತಣ್ಣನೆ ಸಿಹಿ ಕಾಫಿ ಒಂದಿದೆ, ಹೆಸರು ಬಂದಿದ್ದು ಅಲ್ಜೀರಿಯಾದ ಒಂದು ಕೋಟೆಯಿಂದ, ಪೋರ್ಚುಗಲ್‌ನಲ್ಲಿ ಅದಕ್ಕೆ ನಿಂಬೆರಸ ಹಿಂಡೇ ಕುಡೀತಾರೆ.

ಯಾವ ಕಾಫಿಪುಡಿ ತಗೋಬೇಕು?

ಲೈಟ್ ಅಥವಾ ಮೀಡಿಯಂ ರೋಸ್ಟ್, ಅಂದ್ರೆ ಕಪ್ಪಗೆ ಹುರೀದೇ ಇರೋದು, ಆದಷ್ಟು ಅರೇಬಿಕಾ ಜಾತೀದು. ಬೆರ್ರಿ, ಕಿತ್ತಳೆ, ಪೀಚ್ ಇಂಥವಕ್ಕೆ ಇದೇ ಸರಿ. ಪ್ಯಾಕೆಟ್ ಮೇಲೆ ನ್ಯಾಚುರಲ್ ಪ್ರೋಸೆಸ್ ಅಂತ ಇದ್ರೆ ಇನ್ನೂ ಒಳ್ಳೇದು, ಅಂದ್ರೆ ಬೀಜಾನ ಹಣ್ಣಿನ ಸಮೇತ ಒಣಗಿಸಿರ್ತಾರೆ, ಅದಕ್ಕೆ ಆಗ್ಲೇ ಒಂಥರಾ ಹಣ್ಣಿನ ಘಮ ಇರತ್ತೆ. ಡಾರ್ಕ್ ರೋಸ್ಟ್ ಮಾತ್ರ ಇದೆ ಅಂದ್ರೂ ಯೋಚನೆ ಬೇಡ, ಚೆರ್ರಿ, ಬಾಳೆಹಣ್ಣು, ಕಿತ್ತಳೆ ಸಿಪ್ಪೆ ಇವು ಚಾಕೊಲೇಟ್‌ಗೆ ಹೊಂದೋ ಹಣ್ಣುಗಳು, ಡಾರ್ಕ್ ರೋಸ್ಟ್‌ಗೂ ಅವೇ ಹೊಂದ್ತವೆ. ಚಿಕೋರಿ ಬೆರೆಸಿದ ಪುಡಿ ಮಾತ್ರ ಇದಕ್ಕೆ ಬೇಡ ಅಂತೀನಿ, ಅದರ ಕಹಿ ದಪ್ಪಗೆ ಕೂತ್ಬಿಡತ್ತೆ, ಮೇಲೆ ಏನ್ ಹಾಕಿದ್ರೂ ಮುಚ್ಚಿಹಾಕತ್ತೆ. ರೊಬಸ್ಟಾದಲ್ಲೂ ಕಹಿ ಜಾಸ್ತಿ, ಕೆಫೀನ್ ಅಂತೂ ಹೆಚ್ಚೂಕಮ್ಮಿ ಎರಡರಷ್ಟು.

ಬಿಸಿ ಕಾಫಿ ಮಾಡಿ ಫ್ರಿಜ್‌ನಲ್ಲಿಟ್ರೆ ಸಾಕಲ್ವಾ?

ಕುಡಿಯೋಕೆ ಅಡ್ಡಿ ಇಲ್ಲ, ಆದ್ರೆ ಘಮ ಇರಲ್ಲ. ಬಿಸಿ ಕಾಫಿ ನಿಧಾನವಾಗಿ ಆರ್ತಾ ಆರ್ತಾ ಒಳ್ಳೆ ವಾಸನೆಯೆಲ್ಲ ಗಾಳಿಗೆ ಹೋಗಿರತ್ತೆ, ಉಳಿಯೋದು ಹಳಸಲು ಹುಳಿ ಮತ್ತೆ ಕಹಿ. ಅದರ ಮೇಲೆ ಹಣ್ಣು ಹಾಕಿದ್ರೆ ಹುಳಿಗೆ ಹುಳಿ ಸೇರಿ ಕೆಡತ್ತೆ. ಇದರ ಬದಲು ಎರಡು ದಾರಿ ಇದೆ.

ಒಂದು, ಬಿಸಿ ಕಾಫಿ ನೇರವಾಗಿ ಐಸ್ ಮೇಲೆ ಇಳಿಸೋದು. 20 ಗ್ರಾಂ ಪುಡಿ, 150 ಮಿಲಿ ಬಿಸಿನೀರು, ಕೆಳಗಿನ ಪಾತ್ರೇಲಿ 100 ಗ್ರಾಂ ಐಸ್. ನೀರು ಕುದಿ ಬಂದು ಅರ್ಧ ನಿಮಿಷ ಬಿಟ್ಟು ತಗೊಳ್ಳಿ. ಪೇಪರ್ ಫಿಲ್ಟರ್ ಇದ್ರೆ ಅದರಲ್ಲಿ, ಇಲ್ಲಾಂದ್ರೆ ಪುಡಿಗೆ ನೀರು ಹಾಕಿ 4 ನಿಮಿಷ ಬಿಟ್ಟು ದಟ್ಟ ಬಟ್ಟೇಲಿ ಸೋಸಿದ್ರೂ ನಡೆಯತ್ತೆ. ಫಿಲ್ಟರಲ್ಲಿ ಇಳಿಸೋದಾದ್ರೆ ಮೊದಲು ಒಂದು ಚೂರು ನೀರು, ಪುಡಿ ನೆನೆಯೋಷ್ಟು ಮಾತ್ರ, ಹಾಕಿ ಅರ್ಧ ನಿಮಿಷ ಬಿಡಿ, ಪುಡಿ ಉಬ್ಬಿ ಗುಳ್ಳೆ ಬಿಡತ್ತೆ, ಆಮೇಲೆ ಉಳಿದ ನೀರನ್ನ ಸುತ್ತ ತಿರುಗಿಸ್ತಾ ಹಾಕಿ. ಕೆಳಗೆ ಐಸ್ ಚಟಪಟ ಅಂತ ಸೀಳೋದು ಕೇಳಿಸತ್ತೆ. ಪುಡೀನೇ ಸುಮಾರು 40 ಮಿಲಿ ನೀರು ಹೀರ್ಕೊಳ್ಳತ್ತೆ, ಇಳಿಯೋದು 110 ಮಿಲಿ ಅಷ್ಟೇ, ಆ ಬಿಸಿ 100 ಗ್ರಾಂ ಐಸ್‌ನ ಹೆಚ್ಚೂಕಮ್ಮಿ ಪೂರ್ತಿ ಕರಗಿಸ್ಬಿಡತ್ತೆ. ಅಯ್ಯೋ ಐಸೆಲ್ಲ ಹೋಯ್ತಲ್ಲ ಅನ್ಬೇಡಿ, ಆ ಐಸು ನೀರಿನ ಲೆಕ್ಕಕ್ಕೆ ಹಾಕಿದ್ದು, ಗ್ಲಾಸಿಗೆ ಹೊಸ ಐಸ್ ಬೇರೆ ಹಾಕೋದೇ. ಸಿಗೋ 210 ಮಿಲಿ ಎರಡು ಗ್ಲಾಸಿಗೆ ಸರಿಹೋಗತ್ತೆ.

ಇನ್ನೊಂದು ಕೋಲ್ಡ್ ಬ್ರೂ. ದಪ್ಪಗೆ ಬೀಸಿದ ಪುಡಿ 100 ಗ್ರಾಂ, ತಣ್ಣೀರು 800 ಮಿಲಿ, ಮುಚ್ಚಿ ಫ್ರಿಜ್‌ನಲ್ಲಿ 12ರಿಂದ 16 ಗಂಟೆ, ಆಮೇಲೆ ಸೋಸೋದು. ಸುಮಾರು 600 ಮಿಲಿ ಗಟ್ಟಿ ಕಾಫಿ ಬರತ್ತೆ, ಒಂದು ಗ್ಲಾಸಿಗೆ 70 ಮಿಲಿ ಸಾಕು. ತಣ್ಣೀರಲ್ಲಿ ಹುಳಿ, ಕಹಿ ಎರಡೂ ಕಮ್ಮಿ ಇಳಿಯೋದ್ರಿಂದ ರುಚಿ ಮೆತ್ತಗಿರತ್ತೆ, ಹಾಲು ಹಾಕೋರಿಗೆ ಇದು ಒಳ್ಳೇದು.

ನನ್ನ ಆಯ್ಕೆ ಕೇಳಿದ್ರೆ, ಹಾಲಿಲ್ಲದ ಹಣ್ಣಿನ ಕಾಫಿಗೆ ಐಸ್ ಮೇಲೆ ಇಳಿಸಿದ್ದೇ, ಘಮ ಅದರಲ್ಲೇ.

ಇನ್‌ಸ್ಟಂಟ್ ಪುಡಿ ಮಾತ್ರ ಇದೆ, ಆಗಲ್ವಾ?

ಯಾಕಾಗಲ್ಲ, ಧಾರಾಳವಾಗಿ ಆಗತ್ತೆ. 2 ಟೀ ಸ್ಪೂನ್ ಪುಡಿ, 50 ಮಿಲಿ ಬೆಚ್ಚನೆ ನೀರಲ್ಲಿ ಗಂಟಿಲ್ಲದ ಹಾಗೆ ಕರಗಿಸಿ, ಮೇಲಿಂದ 50 ಮಿಲಿ ತಣ್ಣೀರು. ನೇರ ತಣ್ಣೀರಿಗೆ ಹಾಕಿದ್ರೆ ಮೇಲೆ ಗಂಟು ಗಂಟಾಗಿ ತೇಲತ್ತೆ. ಇದಕ್ಕೆ ಸೂಕ್ಷ್ಮ ಹಣ್ಣು ದಂಡ, ಪೀಚ್ ಗೀಚ್ ಎಲ್ಲ ಕಾಣೋದೇ ಇಲ್ಲ, ಚೆರ್ರಿ, ಕಿತ್ತಳೆ, ರಾಸ್ಪ್‌ಬೆರ್ರಿ ತರದ ಜೋರು ಹಣ್ಣು ಹಾಕಿ.

ಹಾಲು ಹಾಕಿದ ತಕ್ಷಣ ಒಡೆದ್ಹೋಗತ್ತೆ, ಯಾಕೆ? ಏನ್ ಮಾಡ್ಲಿ?

ಎಲ್ಲರೂ ಕೇಳೋದು ಇದೇ. ಹಾಲಲ್ಲಿ ಕೇಸಿನ್ ಅಂತ ಪ್ರೋಟೀನ್ ಇದೆ. ಪಿಎಚ್ ಅಂದ್ರೆ ಹುಳಿ ಅಳೆಯೋ ಲೆಕ್ಕ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಹಾಲಿನ ಪಿಎಚ್ 6.6, 6.7 ಹತ್ರ ಇರತ್ತೆ, ಅದು ಇಳಿದು 4.6ಕ್ಕೆ ಬಂದ್ರೆ ಕೇಸಿನ್ ಕಣಗಳು ಒಂದನ್ನೊಂದು ಹಿಡ್ಕೊಂಡು ಗಂಟಾಗ್ತವೆ, ಅದೇ ಒಡೆಯೋದು. ಕಾಫಿ ಒಂದೇ ಆದ್ರೆ ಪಿಎಚ್ 5ರ ಆಸುಪಾಸು, ಹಾಲು ತಡ್ಕೊಳ್ಳತ್ತೆ. ಅದಕ್ಕೆ ಕಿತ್ತಳೆ ರಸ ಹಾಕಿದ್ರೆ, ಅದು ಮೂರೂವರೆಯಿಂದ ನಾಲ್ಕರೊಳಗೆ, ನಿಂಬೆ ಅಂದ್ರೆ ಎರಡರಿಂದ ಎರಡೂವರೆ, ಅಲ್ಲಿಗೆ ಕಥೆ ಮುಗೀತು. ಬಿಸಿ ಇದ್ರೆ ಇನ್ನೂ ಬೇಗ ಒಡೆಯತ್ತೆ, ಅಷ್ಟೊಂದು ಹುಳಿ ಕೂಡ ಬೇಕಾಗಲ್ಲ. ಒಡೆಯೋಕೆ ಶುರುವಾಗೋದು ನೋಡಬೇಕು ಅಂದ್ರೆ ಗ್ಲಾಸನ್ನ ಒಂಚೂರು ಓರೆ ಮಾಡಿ ನೋಡಿ, ಕಾಫಿ ಜಾರಿ ಕೆಳಗೆ ಹೋದ ಜಾಗದಲ್ಲಿ ರವೆ ತರ ಬಿಳಿ ಕಾಳು ಅಂಟ್ಕೊಂಡಿರತ್ತೆ. ಕುಡಿದ್ರೆ ಅಪಾಯ ಏನಿಲ್ಲ, ಹಾಲು ಹಳಸಿದ್ದಲ್ಲ ಅದು, ಆದ್ರೆ ನಾಲಿಗೆಗೆ ಹಿಡಿಸಲ್ಲ.

ಸರಿ, ದಾರಿ ಏನು ಅಂದ್ರೆ, ಒಂದೋ ಹಾಲು ಇಟ್ಕೊಳ್ಳಿ ಇಲ್ಲಾ ಹುಳಿ ರಸ ಇಟ್ಕೊಳ್ಳಿ, ಎರಡೂ ಬೇಕು ಅಂತ ಹಠ ಹಿಡೀಬೇಡಿ. ನಾನು ಹೊಸಬ್ರಿಗೆ ಹೇಳೋದು ಮೊದಲು ಹಾಲಿಲ್ಲದೆ ಮಾಡಿ ನೋಡಿ ಅಂತಾನೇ, ಹಣ್ಣಿನ ರುಚಿ ಸ್ಪಷ್ಟವಾಗಿ ಗೊತ್ತಾಗೋದು ಅದರಲ್ಲೇ.

ಇಲ್ಲ ನಂಗೆ ಹಾಲು ಬೇಕೇ ಬೇಕು ಅನ್ನೋರು ಸಿಟ್ರಸ್ ಹಣ್ಣಿನ ರಸ ಬಿಟ್ಟು ಸಿಪ್ಪೆ ತಗೊಳ್ಳಿ. ಕಿತ್ತಳೆ ಅಂತ ನಮ್ಮ ಮೂಗು ಗುರುತು ಹಿಡಿಯೋದು ರಸದಿಂದಲ್ಲ, ಸಿಪ್ಪೆಯ ಹೊರಪದರದಲ್ಲಿರೋ ಎಣ್ಣೆಯಿಂದ, ಆ ಎಣ್ಣೇಲಿ ಹುಳಿ ಇಲ್ಲ, ಹಾಲಿಗೆ ಏನೂ ಮಾಡಲ್ಲ. ಸಿಪ್ಪೆ ತುರಿದು ಸಕ್ಕರೆ ಜೊತೆ ಬೆರಳಲ್ಲೇ ಉಜ್ಜಿ, ಸಕ್ಕರೆ ಒದ್ದೆ ಒದ್ದೆ ಆಗಿ ಬಣ್ಣ ತಿರುಗತ್ತೆ, ಕೈಯೆಲ್ಲ ಘಂ ಅನ್ನತ್ತೆ. ಅರ್ಧ ಗಂಟೆ ಬಿಟ್ಟು ಬಿಸಿನೀರಲ್ಲಿ ಕರಗಿಸಿ ಸೋಸಿದ್ರೆ ಕಿತ್ತಳೆ ಸಿರಪ್ ರೆಡಿ, ಹಾಲಿನ ಕಾಫಿಗೆ ಎಷ್ಟಾದ್ರೂ ಹಾಕಿ, ಒಡೆಯಲ್ಲ. ತುರಿಯುವಾಗ ಒಳಗಿನ ಬಿಳಿ ಭಾಗ ಬರಬಾರ್ದು, ಅದು ಕಹಿ.

ಬೆರ್ರಿ ಸಿರಪ್ ಹಾಲಿನ ಜೊತೆ ಬೇಕು ಅಂದ್ರೆ ಎಲ್ಲಾನೂ ಚೆನ್ನಾಗಿ ತಣ್ಣಗಿರ್ಲಿ, ಸಿರಪ್ 20 ಮಿಲಿ ದಾಟೋದು ಬೇಡ, ಹಾಲು ಕೊನೇಗೆ ಹಾಕಿ ಆವಾಗ್ಲೇ ಕುಡೀರಿ. ಹಾಲಿನ ಬದಲು ಗಟ್ಟಿ ಕ್ರೀಮ್ ಹಾಕಿದ್ರೆ ಇನ್ನೂ ಭದ್ರ, ಕೊಬ್ಬು ಜಾಸ್ತಿ, ಪ್ರೋಟೀನ್ ಕಮ್ಮಿ.

ಸೋಯಾ ಹಾಲು, ಬಾದಾಮಿ ಹಾಲು ಹಾಕಿದ್ರೆ ಒಡೆಯಲ್ವಾ?

ಅವೂ ಒಡೀತವೆ, ಸೋಯಾ ಅಂತೂ ಬೇಗ. ಓಟ್ಸ್ ಹಾಲು ಇದ್ದಿದ್ರಲ್ಲಿ ವಾಸಿ. ತೆಂಗಿನ ಹಾಲು ಬೇರೆಯಾಗಿ ನಿಲ್ಲತ್ತೆ, ಆದ್ರೆ ಕಲಕಿದ್ರೆ ಕೂಡ್ಕೊಳ್ಳತ್ತೆ.

ಹಣ್ಣಿನ ಜ್ಯೂಸೇ ನೇರವಾಗಿ ಹಾಕ್ಬೋದಲ್ಲ, ಸಿರಪ್ ಯಾಕೆ ಬೇಕು?

ಜ್ಯೂಸಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ ಇರೋದು. ಹಣ್ಣಿನ ರುಚಿ ಬರೋಷ್ಟು ಜ್ಯೂಸ್ ಹಾಕಿದ್ರೆ ಕಾಫಿ ತೆಳ್ಳಗಾಗತ್ತೆ, ಕಾಫಿ ಉಳಿಯೋಷ್ಟು ಕಮ್ಮಿ ಹಾಕಿದ್ರೆ ಹಣ್ಣು ಗೊತ್ತಾಗಲ್ಲ. ಇದರ ಮೇಲೆ ಐಸ್ ಬೇರೆ ಕರಗ್ತಾ ಇರತ್ತೆ. ಇನ್ನೊಂದು, ಸಕ್ಕರೆ ತಣ್ಣನೆ ಕಾಫೀಲಿ ಬೇಗ ಕರಗಲ್ಲ, ತಿರುಗಿಸಿದ್ರೂ ಸ್ವಲ್ಪ ತಳದಲ್ಲಿ ಕೂತಿರತ್ತೆ, ಕೊನೇ ಗುಟುಕಲ್ಲಿ ಬಾಯಿಗೆ ಬರತ್ತೆ. ಸಿರಪ್ ಮಾಡಿದ್ರೆ ಎರಡು ಸಮಸ್ಯೆನೂ ಒಟ್ಟಿಗೆ ಹೋಗತ್ತೆ.

ಬೇಯಿಸೋ ಸಿರಪ್: ಬೆರ್ರಿ ಅಥವಾ ಬೀಜ ತೆಗೆದ ಚೆರ್ರಿ 200 ಗ್ರಾಂ, ಸಕ್ಕರೆ 150 ಗ್ರಾಂ, ನೀರು 100 ಮಿಲಿ. ಸಣ್ಣ ಉರೀಲಿ 8ರಿಂದ 10 ನಿಮಿಷ. ಮೊದಲು ನೊರೆ ನೊರೆಯಾಗಿ ದೊಡ್ಡ ಗುಳ್ಳೆ ಬರತ್ತೆ, ಹಣ್ಣಿನ ಬಣ್ಣ ಬಿಟ್ಟು ನೀರು ಕೆಂಪಗಾಗಿ ಹಣ್ಣು ಬಿಳಚಿಕೊಳ್ಳತ್ತೆ, ಗುಳ್ಳೆ ಸಣ್ಣದಾಗಿ ಹೊಳಪು ಬರ್ತಿದ್ದ ಹಾಗೆ ಇಳಿಸಿ. ಇನ್ನೂ ಬಿಟ್ರೆ ಜಾಮ್ ಆಗತ್ತೆ, ಐಸಿಗೆ ತಾಗಿದ ಕೂಡ್ಲೇ ಗಟ್ಟಿಯಾಗಿ ತಳ ಹಿಡಿಯತ್ತೆ. ಸೋಸುವಾಗ ಚಮಚದಲ್ಲಿ ಒತ್ತಿ ಒತ್ತಿ ಹಿಂಡಬೇಡಿ, ಅದಾಗೇ ಇಳೀಲಿ, ಒತ್ತಿದ್ರೆ ತಿರುಳು ಬಂದು ಕಾಫಿ ಕದಡಿದ ಹಾಗೆ ಕಾಣತ್ತೆ.

ಬೇಯಿಸದೇ ಮಾಡೋದು: ಹೆಚ್ಚಿದ ಹಣ್ಣು, ಸಕ್ಕರೆ ಸಮ ತೂಕ, ಒಂದು ಡಬ್ಬೀಲಿ ಕಲಸಿ ಮುಚ್ಚಿ ರಾತ್ರಿ ಫ್ರಿಜ್‌ನಲ್ಲಿಡಿ. ಸಕ್ಕರೆ ಹಣ್ಣಿನೊಳಗಿನ ರಸಾನ ತಾನೇ ಎಳ್ಕೊಳ್ಳತ್ತೆ, ಬೆಳಿಗ್ಗೆ ನೋಡಿದ್ರೆ ಸಕ್ಕರೆ ಕರಗಿ ಹಣ್ಣು ರಸದಲ್ಲಿ ತೇಲ್ತಿರತ್ತೆ. ಸ್ಟ್ರಾಬೆರಿ, ಪೀಚ್‌ಗೆ ಇದೇ ಸರಿ, ಬೇಯಿಸಿದ್ರೆ ಅವುಗಳ ತಾಜಾ ವಾಸನೆ ಹೋಗಿ ಜಾಮ್ ವಾಸನೆ ಬರತ್ತೆ. ಬೆಲ್ಲ ಹಾಕ್ಬೋದಾ ಅಂತ ಕೇಳ್ತಾರೆ, ಹಾಕ್ಬೋದು, ಆದ್ರೆ ಬೆಲ್ಲಕ್ಕೆ ಅದರದ್ದೇ ರುಚಿ ಇದೆ, ಹಣ್ಣಿನ ಮೇಲೆ ಸವಾರಿ ಮಾಡತ್ತೆ. ಜೇನುತುಪ್ಪಾನೂ ಹಂಗೇ, ಕಿತ್ತಳೆ ಜೊತೆ ಮಾತ್ರ ಹೊಂದತ್ತೆ.

ಒಂದು ಗ್ಲಾಸಿಗೆ ಎಷ್ಟೆಷ್ಟು? ಅಳತೆ ಹೇಳ್ಬಿಡಿ.

300 ಮಿಲಿ ಗ್ಲಾಸು, ಐಸ್ ಮುಕ್ಕಾಲು ತುಂಬಾ, ಮೇಲೆ ಹೇಳಿದ ಕಾಫಿ 100 ಮಿಲಿ (ಗಟ್ಟಿ ಕೋಲ್ಡ್ ಬ್ರೂ ಆದ್ರೆ 70), ಸಿರಪ್ 25 ಮಿಲಿ, ಬೇಕಿದ್ರೆ ತಣ್ಣೀರು ಅಥವಾ ಸೋಡಾ 40 ಮಿಲಿ. ಸಿರಪ್ ಮೊದಲು 15 ಮಿಲಿ ಹಾಕಿ ರುಚಿ ನೋಡಿ ಆಮೇಲೆ ಹೆಚ್ಚಿಸಿ. ಇದರಲ್ಲಿ ಕಾಫಿ ಮುಂದಿರಬೇಕು, ಹಣ್ಣು ಹಿಂದೆ ಬರಬೇಕು, ಕುಡಿದ ಮೇಲೆ ಬಾಯಲ್ಲಿ ಉಳೀಬೇಕು. ಉಲ್ಟಾ ಆದ್ರೆ ಕಾಫಿ ಬಿದ್ದಿರೋ ಜ್ಯೂಸ್ ಆಗತ್ತೆ, ಅದಕ್ಕೆ ಇಷ್ಟೆಲ್ಲ ಕಷ್ಟ ಯಾಕೆ.

ಯಾವ ಹಣ್ಣು ಚೆನ್ನ, ಯಾವ್ದು ಬೇಡ?

ಕಿತ್ತಳೆಗೆ ಮೊದಲ ಜಾಗ, ಯಾವ ರೋಸ್ಟಿಗಾದ್ರೂ ಹೊಂದತ್ತೆ, ಹಾಲಿರಲಿ ಬಿಡಲಿ (ಹಾಲಿದ್ರೆ ಸಿಪ್ಪೆ ಮಾತ್ರ). ಆಮೇಲೆ ರಾಸ್ಪ್‌ಬೆರ್ರಿ ಮತ್ತು ಚೆರ್ರಿ, ಹುಳಿ ಸಿಹಿ ಎರಡೂ ಇದ್ದು ಕಾಫಿ ಎದುರು ತಗ್ಗಲ್ಲ. ಸ್ಟ್ರಾಬೆರಿ ಎಲ್ಲರೂ ಮೊದಲು ಕೈ ಹಾಕೋ ಹಣ್ಣು, ಆದ್ರೆ ಅದರ ರುಚಿ ಮೃದು, ಗಟ್ಟಿ ಕಾಫೀಲಿ ಸದ್ದಿಲ್ಲದೆ ಮುಳುಗತ್ತೆ, ಕೋಲ್ಡ್ ಬ್ರೂ ಜೊತೆ ಹಾಲು ಹಾಕಿದ್ರೆ ಮಾತ್ರ ಅದಕ್ಕೊಂದು ಬೆಲೆ. ದಾಳಿಂಬೆ ಒಗರು, ಕಾಫಿ ಒಗರು, ಎರಡೂ ಸೇರಿ ನಾಲಿಗೆ ಒಣಗಿಸತ್ತೆ, ಸಕ್ಕರೆ ಒಂಚೂರು ಮುಂದಾಗಿ ಹಾಕಿದ್ರೆ ಪರವಾಗಿಲ್ಲ.

ಮಾವು ಬಗ್ಗೆ ಜಾಸ್ತಿ ಕೇಳ್ತಾರೆ. ಮಾವಿನ ತಿರುಳು ದಪ್ಪ, ಹಂಗೇ ಹಾಕಿದ್ರೆ ತಳದಲ್ಲಿ ಕಲ್ಲಾಗಿ ಕೂರತ್ತೆ. ನಾರು ಸೋಸಿ, ಸಮ ನೀರು ಹಾಕಿ ತೆಳು ಮಾಡಿ, ನಾಲ್ಕು ಹನಿ ನಿಂಬೆ ಹಿಂಡಿ. ಇಷ್ಟು ಮಾಡಿದ್ರೂ ನನಗೆ ಮಾವು ಕಾಫಿ ಅಷ್ಟಕ್ಕಷ್ಟೆ, ಮಾವಿನ ಹಣ್ಣನ್ನ ಹಣ್ಣಾಗೇ ತಿನ್ನೋದು ವಾಸಿ, ಆದ್ರೆ ಇಷ್ಟಪಡೋರು ತುಂಬ ಜನ ಇದಾರೆ ಅವರ ಹೊಟ್ಟೆ ತಣ್ಣಗಿರಲಿ.

ಅನಾನಸ್‌ಗೆ ಒಂದು ಎಚ್ಚರಿಕೆ. ಹಸಿ ಅನಾನಸಲ್ಲಿ ಬ್ರೋಮೆಲೈನ್ ಅನ್ನೋ ಕಿಣ್ವ ಇದೆ, ಅದು ಹಾಲಿನ ಪ್ರೋಟೀನನ್ನ ಕತ್ತರಿಸಿ ಹಾಕತ್ತೆ, ಒಡೆಯೋದು ಒಂದು ಕಡೆ, ಹಾಲು ಕಹಿ ಆಗೋದು ಇನ್ನೊಂದು ಕಡೆ. ಕೀವಿ ಹಣ್ಣಲ್ಲೂ ಇಂಥದ್ದೇ ಒಂದಿದೆ. ಕುದಿಸಿ ಸಿರಪ್ ಮಾಡಿದ್ರೆ ಆ ಕಿಣ್ವ ಸತ್ತುಹೋಗತ್ತೆ, ಡಬ್ಬದಲ್ಲಿ ಬರೋ ಅನಾನಸಿಗೂ ಈ ತೊಂದರೆ ಇಲ್ಲ ಯಾಕಂದ್ರೆ ಅದನ್ನ ಆಗ್ಲೇ ಬಿಸಿ ಮಾಡಿರ್ತಾರೆ.

ಬಾಳೆಹಣ್ಣು ಹುಳಿ ಕಮ್ಮಿ, ಹಾಲಿಗೆ ಏನೂ ಆಗಲ್ಲ, ಮಿಕ್ಸೀಲಿ ತಿರುವಿ ಆವಾಗ್ಲೇ ಕುಡೀಬೇಕು, ಬಿಟ್ರೆ ಕಪ್ಪಾಗತ್ತೆ. ಕಲ್ಲಂಗಡಿ ಬೇಡ, ಬರೀ ನೀರು. ಸೇಬಿನ ರಸ ಹಾಕ್ಬೋದು, ಏಲಕ್ಕಿ ಅಥವಾ ಚಕ್ಕೆ ಜೊತೆ. ಎಳನೀರನ್ನ ಹಣ್ಣಿನ ಲೆಕ್ಕಕ್ಕೆ ಸೇರಿಸಿದ್ರೆ ಅದೂ ಚೆನ್ನಾಗಿರತ್ತೆ, ಐಸ್ ಹಾಕಿ, ಎಳನೀರು 120 ಮಿಲಿ, ಮೇಲೆ ಗಟ್ಟಿ ಕೋಲ್ಡ್ ಬ್ರೂ 50 ಮಿಲಿ, ಸಕ್ಕರೆ ಬೇಡ್ವೇ ಬೇಡ.

ನಿಂಬೆಹಣ್ಣು? ಕಾಫಿಗೆ ನಿಂಬೆ ಅಂದ್ರೇ ಒಂಥರಾ ಆಗತ್ತೆ.

ಹಾಲಿಲ್ಲದೆ, ಸಿಹಿ ಸ್ವಲ್ಪ ಮುಂದಾಗಿ, ಚೆನ್ನಾಗಿ ಕೊರೆಯೋಷ್ಟು ತಣ್ಣಗೆ, ಈ ಮೂರೂ ಇದ್ರೆ ಒಂದು ಸಲ ನೋಡಿ. ಒಂದು ಗ್ಲಾಸಿಗೆ 2 ಟೀ ಸ್ಪೂನ್ ರಸ ಸಾಕು. ಡಾರ್ಕ್ ರೋಸ್ಟ್ ಜೊತೆ ಚೆನ್ನಾಗಿ ಬರತ್ತೆ. ಲೈಟ್ ರೋಸ್ಟ್‌ಗೆ ಆಗ್ಲೇ ಹುಳಿ ಇರತ್ತೆ, ಅದಕ್ಕೆ ನಿಂಬೆ ಹಿಂಡಿದ್ರೆ ಹಲ್ಲು ಚಳಿ ಹಿಡಿಯತ್ತೆ.

ಸೋಡಾ ಹಾಕಿದ್ರೆ ನೊರೆ ಉಕ್ಕಿ ಟೇಬಲ್ಲೆಲ್ಲ ಗಲೀಜು ಆಗತ್ತೆ.

ಕಾಫಿ ಮೇಲೆ ಸೋಡಾ ಸುರೀತಾ ಇದೀರ ಅನ್ಸತ್ತೆ. ಉಲ್ಟಾ ಮಾಡಿ. ತಳದಲ್ಲಿ ಸಿರಪ್, ಅದರ ಮೇಲೆ ಗ್ಲಾಸ್ ತುಂಬಾ ಐಸ್, ಆಮೇಲೆ ಸೋಡಾ ಅಥವಾ ಟಾನಿಕ್ ವಾಟರ್ 100 ಮಿಲಿ, ಗುಳ್ಳೆ ಒಂಚೂರು ಇಳೀಲಿ, ಕೊನೇಗೆ ಕಾಫಿ, ಅದೂ ಚಮಚದ ಬೆನ್ನ ಮೇಲೆ ನಿಧಾನವಾಗಿ. ಗ್ಲಾಸಿನ ತುದೀಲಿ ಎರಡು ಬೆರಳಷ್ಟು ಜಾಗ ಬಿಟ್ಟಿರಿ. ಕಾಫೀಲಿರೋ ಸಣ್ಣ ಕಣ, ಎಣ್ಣೆ, ಪ್ರೋಟೀನ್ ಎಲ್ಲ ಸೇರಿ ಗ್ಯಾಸಿಗೆ ಗುಳ್ಳೆ ಕಟ್ಟೋ ಜಾಗ ಕೊಡ್ತವೆ, ಅದಕ್ಕೇ ಉಕ್ಕೋದು, ಪೇಪರ್ ಫಿಲ್ಟರಲ್ಲಿ ಸೋಸಿದ ಕಾಫಿ ಕಮ್ಮಿ ಉಕ್ಕತ್ತೆ. ಟಾನಿಕ್ ವಾಟರಲ್ಲಿ ಕ್ವಿನೈನ್ ಇರೋದ್ರಿಂದ ಅದೂ ಕಹಿ, ಅದರ ಜೊತೆ ಲೈಟ್ ರೋಸ್ಟ್ ಮತ್ತೆ ಕಿತ್ತಳೆ ಸಿಪ್ಪೆ, ಇದಕ್ಕಿಂತ ಒಳ್ಳೆ ಜೋಡಿ ಇಲ್ಲ.

ಫೋಟೋದಲ್ಲಿ ಪದರ ಪದರವಾಗಿ ಕಾಣತ್ತಲ್ಲ, ನಮ್ದು ಒಂದೇ ಸಲಕ್ಕೆ ಕಲೆತು ಕಂದಾಗತ್ತೆ.

ಅದರಲ್ಲಿ ಮಂತ್ರ ಏನಿಲ್ಲ, ಸಕ್ಕರೆ ಜಾಸ್ತಿ ಇರೋದು ಭಾರ, ಕೆಳಗೆ ನಿಲ್ಲತ್ತೆ. ಸಿರಪ್ ತಳದಲ್ಲಿ, ಐಸ್ ಒತ್ತಾಗಿ, ಹಾಲು ಬೇಕಿದ್ರೆ ಐಸ್ ಮೇಲೆ ಬೀಳೋ ಹಾಗೆ, ಸಕ್ಕರೆ ಹಾಕದ ಕಾಫಿ ಎಲ್ಲದಕ್ಕಿಂತ ಕೊನೇಗೆ. ಕಾಫಿಗೆ ಸಕ್ಕರೆ ಹಾಕಿಬಿಟ್ರೆ ಅದೂ ಭಾರ ಆಗಿ ಕೆಳಗೆ ನುಗ್ಗತ್ತೆ. ಫೋಟೋ ತೆಗೆದಾದ ಮೇಲೆ ಮಾತ್ರ ದಯವಿಟ್ಟು ಕಲಕಿ ಕುಡೀರಿ, ಪದರ ಪದರವಾಗಿ ಕುಡಿದ್ರೆ ಮೊದಲು ಬರೀ ಕಹಿ ಆಮೇಲೆ ಬರೀ ಸಕ್ಕರೆ. ಕಲಕಿದ ಮೇಲೆ ಕೆಂಪು ಬಣ್ಣ ಉಳಿಯಲ್ಲ, ಬೆರ್ರಿ ಹಾಕಿದ್ರೂ ಕಂದೇ ಕಾಣೋದು, ಅದು ಸಹಜ.

ಅರ್ಧ ಕುಡಿಯೋ ಹೊತ್ತಿಗೆ ಸಪ್ಪೆ ಆಗ್ಬಿಡತ್ತೆ.

ಐಸ್ ಕಮ್ಮಿ ಹಾಕಿರ್ತೀರ. ಕಮ್ಮಿ ಐಸ್ ಹಾಕಿದ್ರೆ ನೀರಾಗಲ್ಲ ಅಂತ ಅನ್ಸತ್ತೆ ಆದ್ರೆ ನಡೆಯೋದು ಬೇರೆ, ಎರಡು ತುಂಡು ಹಾಕಿದ್ರೆ ಅವು ಪೂರ್ತಿ ಕರಗಿ ಹೋಗ್ತವೆ, ಕಾಫೀನೂ ತಣ್ಣಗಿರಲ್ಲ, ಗ್ಲಾಸ್ ತುಂಬಾ ಹಾಕಿದ್ರೆ ಕಾಫಿ ಬೇಗ ತಣ್ಣಗಾಗಿ ಉಳಿದ ಐಸ್ ನಿಧಾನಕ್ಕೆ ಕರಗತ್ತೆ. ತುಂಡು ದೊಡ್ಡದಿದ್ದಷ್ಟೂ ಒಳ್ಳೇದು. ಕಾಫಿ ಮೊದಲೇ ಫ್ರಿಜ್‌ನಲ್ಲಿ ತಣ್ಣಗಾಗಿರ್ಲಿ. ಇನ್ನೂ ಬೇಕು ಅಂದ್ರೆ ಉಳಿದ ಕಾಫೀನೇ ಐಸ್ ಟ್ರೇಗೆ ಹಾಕಿಡಿ, ಅಥವಾ ತೆಳು ಮಾಡಿದ ಹಣ್ಣಿನ ರಸ, ಕರಗಿದಷ್ಟೂ ರುಚಿ ಏರತ್ತೆ. ಫ್ರೀಜರಲ್ಲಿ ಮೀನು, ಈರುಳ್ಳಿ ಪಕ್ಕ ಇಟ್ಟ ಐಸ್‌ಗೆ ಅದೇ ವಾಸನೆ ಬರತ್ತೆ ಅನ್ನೋದೂ ನೆನಪಿರಲಿ, ಟ್ರೇ ಮುಚ್ಚಿಡಿ.

ತುಂಬಾ ಕಹಿ ಬಂತು, ಸಕ್ಕರೆ ಹಾಕಿದ್ರೂ ಹೋಗ್ತಿಲ್ಲ.

ಚಿಟಿಕೆ ಉಪ್ಪು. ಉಪ್ಪಿನ ರುಚಿ ಬರಬಾರ್ದು, ಅಷ್ಟೇ ಸ್ವಲ್ಪ. ಉಪ್ಪು ನಾಲಿಗೆ ಮೇಲೆ ಕಹಿನ ತಗ್ಗಿಸತ್ತೆ, ಸಕ್ಕರೆಗಿಂತ ಬೇಗ. ಮುಂದಿನ ಸಲ ಪುಡಿ ಇನ್ನೊಂಚೂರು ದಪ್ಪ ಇರ್ಲಿ ಅಥವಾ ನೆನೆಸೋ ಹೊತ್ತು ಕಮ್ಮಿ ಮಾಡಿ. ಉಲ್ಟಾ, ಹುಳಿ ಜಾಸ್ತಿ ಆಗಿ ಖಾಲಿ ಖಾಲಿ ಅನ್ಸಿದ್ರೆ ಪುಡಿ ಸಣ್ಣ ಮಾಡಿ.

ಎಸೆನ್ಸ್, ಬಾಟಲಿ ಸಿರಪ್ ಹಾಕ್ಬಾರ್ದಾ?

ಹಾಕ್ಬೋದು, ಯಾರೂ ಬೇಡ ಅನ್ನಲ್ಲ. ಎಸೆನ್ಸ್ ಅಂದ್ರೆ ವಾಸನೆ ಮಾತ್ರ, ಹುಳಿ ಇರಲ್ಲ ಸಿಹಿ ಇರಲ್ಲ, ಹಾಗಾಗಿ ಮೂಗಿಗೆ ಹಣ್ಣು ಬಂದ್ರೂ ನಾಲಿಗೆಗೆ ಏನೂ ಸಿಗಲ್ಲ, ಒಂದು ಹನಿ ಜಾಸ್ತಿ ಆದ್ರೆ ಔಷಧಿ ನೆನಪಾಗತ್ತೆ. ಎಸೆನ್ಸ್ 1 ಹನಿ ಜೊತೆಗೆ ಸಕ್ಕರೆ ಪಾಕ, 2-3 ಹನಿ ನಿಂಬೆರಸ ಹಾಕಿದ್ರೆ ಎಷ್ಟೋ ಪಾಲು ವಾಸಿ, ಹಾಲಿಲ್ಲದಿದ್ರೆ. ಬಾಟಲಿ ಸಿರಪ್ ತುಂಬಾ ಸಿಹಿ, 10 ಮಿಲಿಯಿಂದ ಶುರು ಮಾಡಿ.

ಎಷ್ಟು ದಿನ ಇಡ್ಬೋದು?

ನೀರು ಬೆರೆಸದ ಕೋಲ್ಡ್ ಬ್ರೂ ಫ್ರಿಜ್‌ನಲ್ಲಿ ಮುಚ್ಚಿಟ್ರೆ ಒಂದು ವಾರ, ರುಚಿ ಮಾತ್ರ ಮೊದಲ ಮೂರ್ನಾಲ್ಕು ದಿನ ಚೆನ್ನಾಗಿರತ್ತೆ. ಬೇಯಿಸಿದ ಸಿರಪ್ ಕುದಿನೀರಲ್ಲಿ ತೊಳೆದು ಒಣಗಿಸಿದ ಬಾಟಲೀಲಿ ಎರಡು ವಾರ. ಬೇಯಿಸದೇ ಮಾಡಿದ್ದು ನಾಲ್ಕೈದು ದಿನ, ತಾಜಾ ರಸ ಒಂದೆರಡು ದಿನ, ಎಲ್ಲಾ ಫ್ರಿಜ್‌ನಲ್ಲೇ. ಎಲ್ಲಾ ಬೆರೆಸಿದ ಮೇಲೆ ಇಡೋ ಮಾತೇ ಇಲ್ಲ. ಸಿರಪ್ ಮುಚ್ಚಳ ತೆಗೆದಾಗ ಟಸ್ ಅಂತ ಗ್ಯಾಸ್ ಬಂದ್ರೆ, ಗುಳ್ಳೆ ಏಳ್ತಿದ್ರೆ, ಅದು ಹುದುಗಿದೆ, ರುಚಿ ನೋಡೋಕೂ ಹೋಗ್ಬೇಡಿ. ಒದ್ದೆ ಚಮಚ ಹಾಕೋದೂ ಇದಕ್ಕೊಂದು ಕಾರಣ.

ಸಕ್ಕರೆ, ಕೆಫೀನ್ ಲೆಕ್ಕ ಹೆಂಗೆ? ಮಕ್ಕಳಿಗೆ ಕೊಡ್ಬೋದಾ?

ಸಕ್ಕರೆ ನೀರು ಸಮ ತೂಕದ ಸಿರಪ್ ಆದ್ರೆ 30 ಮಿಲೀಲಿ ಸುಮಾರು 18 ಗ್ರಾಂ ಸಕ್ಕರೆ ಇರತ್ತೆ. ದೊಡ್ಡೋರಿಗೆ ದಿನಕ್ಕೆ ಸುಮಾರು 50 ಗ್ರಾಂ ದಾಟಬಾರ್ದು, 25ರ ಒಳಗಿದ್ರೆ ಇನ್ನೂ ಒಳ್ಳೇದು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ, ಜ್ಯೂಸಿನ ಸಕ್ಕರೇನೂ ಇದೇ ಲೆಕ್ಕಕ್ಕೆ ಬರತ್ತೆ, ಹಣ್ಣಿನದ್ದು ಅಂತ ವಿನಾಯಿತಿ ಇಲ್ಲ. ಹಾಗಾಗಿ ಎರಡನೇ ಗ್ಲಾಸ್ ಮಾಡೋ ಮುಂಚೆ ಒಂದು ಸಲ ಯೋಚಿಸಿ.

ಕೆಫೀನ್ ವಿಷಯ, ಅರೇಬಿಕಾದಲ್ಲಿ ತೂಕದ ಸುಮಾರು 1.2 ಪರ್ಸೆಂಟ್, ಅಂದ್ರೆ 10 ಗ್ರಾಂ ಪುಡೀಲಿ 120 ಮಿಲಿಗ್ರಾಂ, ಪೂರ್ತಿ ಇಳಿದ್ರೆ. ಆರೋಗ್ಯವಾಗಿರೋ ದೊಡ್ಡೋರಿಗೆ ದಿನಕ್ಕೆ 400 ಮಿಲಿಗ್ರಾಂ ತನಕ ತೊಂದರೆ ಇಲ್ಲ ಅಂತಾರೆ, ಗರ್ಭಿಣಿಯರಿಗೆ 200. ತಣ್ಣಗೆ ಸಿಹಿಯಾಗಿ ಇರೋದ್ರಿಂದ ಗಟಗಟ ಇಳಿದುಹೋಗತ್ತೆ, ಬಿಸಿ ಕಾಫಿ ತರ ಗುಟುಕು ಗುಟುಕಾಗಿ ಕುಡಿಯಲ್ಲ, ಅದೇ ಇದರ ಅಪಾಯ, ರಾತ್ರಿ ನಿದ್ದೆ ಬರ್ಲಿಲ್ಲ ಅಂತ ಆಮೇಲೆ ಹೇಳ್ಬೇಡಿ. ಮಕ್ಕಳಿಗೆ ಬೇಡ, ಅವರ ಗ್ಲಾಸಿಗೆ ಕಾಫಿ ಬಿಟ್ಟು ಉಳಿದಿದ್ದೆಲ್ಲ ಹಾಕಿ, ಸಿರಪ್ ಸೋಡಾ ಐಸ್, ಖುಷಿಯಾಗಿ ಕುಡೀತಾರೆ. ಡಿಕ್ಯಾಫ್, ಅಂದ್ರೆ ಕೆಫೀನ್ ತೆಗೆದ ಪುಡೀಲೂ ಈ ಎಲ್ಲಾ ಅಳತೆ ಹಂಗೇ ನಡೆಯತ್ತೆ.

ಗ್ರೇಪ್‌ಫ್ರೂಟ್ (ದ್ರಾಕ್ಷಿ ಅಲ್ಲ, ಕಿತ್ತಳೆ ಜಾತಿಯ ದೊಡ್ಡ ಹಣ್ಣು) ಹಾಕೋರು ಒಂದು ಗಮನಿಸಿ, ಅದು ಕೆಲವು ಕೊಲೆಸ್ಟ್ರಾಲ್, ಬಿಪಿ ಮಾತ್ರೆಗಳ ಪ್ರಮಾಣಾನ ರಕ್ತದಲ್ಲಿ ಏರಿಸಿಬಿಡತ್ತೆ. ಮಾತ್ರೆ ತಗೊಳ್ಳೋರು ಡಾಕ್ಟರ್ ಹತ್ರ ಕೇಳದೆ ಅದನ್ನ ಮುಟ್ಟಬೇಡಿ, ಕಿತ್ತಳೆಗೆ ಹೋಗಿ.

ಹೊಟ್ಟೆ ಉರಿ, ಗ್ಯಾಸ್ಟ್ರಿಕ್ ಇರೋರು?

ಕಾಫಿ, ಹುಳಿ ಹಣ್ಣು, ಸೋಡಾ ಮೂರೂ ಕೆಲವರಿಗೆ ಆಗಲ್ಲ, ಇದರಲ್ಲಿ ಮೂರೂ ಒಟ್ಟಿಗೆ ಬರ್ಬೋದು. ಖಾಲಿ ಹೊಟ್ಟೇಲಂತೂ ಬೇಡ. ಬೇಕೇ ಬೇಕು ಅಂದ್ರೆ ಕೋಲ್ಡ್ ಬ್ರೂ, ಹಾಲು, ಬಾಳೆಹಣ್ಣು, ಅದನ್ನೂ ಅರ್ಧ ಗ್ಲಾಸ್.

ಹತ್ತು ಜನಕ್ಕೆ ಮಾಡ್ಬೇಕು, ಹೆಂಗೆ?

ಹಿಂದಿನ ದಿನ ಕೋಲ್ಡ್ ಬ್ರೂ ಮಾಡಿಡಿ, ಮೇಲೆ ಹೇಳಿದ 100 ಗ್ರಾಂ ಅಳತೆಗೆ 8 ಗ್ಲಾಸ್ ಬರತ್ತೆ, 10 ಜನಕ್ಕೆ 125 ಗ್ರಾಂ ಪುಡಿ, 1 ಲೀಟರ್ ನೀರು. ಸಿರಪ್ ಎರಡು ಬಗೆ, ಒಂದು ಕಿತ್ತಳೆ ಸಿಪ್ಪೆದು ಒಂದು ಬೆರ್ರಿದು, ಬೇರೆ ಬೇರೆ ಬಾಟಲೀಲಿ. ಕಾಫಿ ಜಗ್ಗಿನಲ್ಲಿ, ಹಾಲು ಬೇರೆ, ಸೋಡಾ ಬೇರೆ, ಐಸ್ ಒಂದು ಪಾತ್ರೆ ತುಂಬಾ. ಅವರವರೇ ಹಾಕ್ಕೊಳ್ಳಲಿ. ಎಲ್ಲಾ ದೊಡ್ಡ ಪಾತ್ರೇಲಿ ಒಟ್ಟಿಗೆ ಬೆರೆಸಿಟ್ರೆ ಅರ್ಧ ಗಂಟೇಲಿ ನೀರಾಗತ್ತೆ, ಬೆರ್ರಿ ಜೊತೆ ಹಾಲು ಹಾಕಿದ್ರೆ ಒಡೆದು ಕೂರತ್ತೆ. ಐಸ್ ಒಬ್ಬರಿಗೆ ಸುಮಾರು 200 ಗ್ರಾಂ ಅಂತ ಲೆಕ್ಕ ಇಟ್ಕೊಳ್ಳಿ, ಎಲ್ಲರಿಗೂ ಕಮ್ಮಿ ಬೀಳೋದು ಅದೇ.

ಸಿರಪ್ ಸೋಸಿ ಉಳಿದ ಹಣ್ಣಿನ ಚರಟ ಏನ್ಮಾಡೋದು?

ಅದರಲ್ಲಿ ಇನ್ನೂ ಸಿಹಿ ಇದೆ, ಮೊಸರಿಗೆ ಕಲಸಿ ತಿನ್ನಿ, ಇಲ್ಲಾ ಬ್ರೆಡ್ ಮೇಲೆ ಸವರಿ. ಕಿತ್ತಳೆ ಸಿಪ್ಪೆ ತುರೀನ ಒಣಗಿಸಿ ಸಕ್ಕರೆ ಡಬ್ಬೀಲಿ ಹಾಕಿಟ್ರೆ ಆ ಸಕ್ಕರೆಗೂ ಘಮ ಹತ್ತತ್ತೆ, ಮುಂದಿನ ಸಲದ ಸಿರಪ್ಪಿಗೆ ಅದನ್ನೇ ಬಳಸಿ.